ಗಟ್ಟಿ ಮುಚ್ಚಳದ ಡಬ್ಬಿ

ತುಮಕೂರು, 12 ಮಾರ್ಚ್ 1962

ಗುರುಸಿದ್ದಾ,

ನಿನ್ನ ವಿಳಾಸ ಗೊತ್ತಿದ್ದರೂ ಇದನ್ನು ಅಂಚೆಗೆ ಹಾಕುವುದಿಲ್ಲ. ಒಂಬತ್ತು ವರ್ಷ ನಮ್ಮ ಬಸ್ಸಿಗೆ ಮೆಕ್ಯಾನಿಕ್ ಆಗಿದ್ದವನು, ಕಂಪನಿ ಡಬ್ಬಿ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಂಡು ಸುರಿಯುವುದೇನಯ್ಯ? ಒಂದು ಸಲ ಮೂಸಿ ನೋಡಬಾರದಿತ್ತೆ?

ಹೋದ ವರ್ಷ ನಮ್ಮ ಕುಣಿಗಲ್ ಬಸ್ಸು ಬ್ರೇಕ್ ಹಿಡಿಯದೆ ಹೆಬ್ಬೂರಿನ ಹತ್ತಿರ ರಾಗಿ ಮೆದೆಗೆ ನುಗ್ಗಿತಲ್ಲ, ಆ ದಿನ ಪ್ಯಾಸೆಂಜರುಗಳ ಎದುರಿಗೇ ನಿನ್ನನ್ನು ಕಳ್ಳ ಎಂದೆ. ಕಂಪನಿ ಬ್ರೇಕ್ ಆಯಿಲೇ ಬೇಕೆಂದು ನನ್ನಿಂದ ತರಿಸಿ, ಅದನ್ನು ಮಾರಿಕೊಂಡು ಅಂಗಡಿಯ ಬಿಡಿ ಎಣ್ಣೆ ಹಾಕಿದ್ದೀಯೆಂದೆ. "ಕಂಪ್ನಿ ಡಬ್ಬಿದೇ ಹಾಕಿವ್ನಿ ಕಣಣ್ಣ" ಎಂದು ಎರಡು ಸಲ ಹೇಳಿ, ನೀನು ಸ್ಪ್ಯಾನರ್ ಚೀಲವನ್ನು ಅಲ್ಲೇ ಬಿಟ್ಟು ನಿನ್ನೂರು ಗುಬ್ಬಿಗೆ ಹೊರಟುಹೋದೆ. ಮೂರನೆಯ ಸಲ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇವತ್ತು ಬೆಳಿಗ್ಗೆ ಹೊಸ ಮೆಕ್ಯಾನಿಕ್ ವೀರಭದ್ರ ಶೆಡ್ಡಿನಲ್ಲಿದ್ದ ಅದೇ ಡಬ್ಬಿ ತೆಗೆದು ಮೂಸಿದ.

"ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲ್ ಯಾರ್ ಸ್ವಾಮಿ ತುಂಬಿದ್ದು? ಇದ್ನ ಬ್ರೇಕಿಗೆ ಹಾಕುದ್ರೆ ಒಳಗಿನ ರಬ್ಬರ್ ಊದ್ಕೊಂಡು ಹಾಳಾಗೋಯ್ತದೆ" ಎಂದ.

ಬಿಸ್ಕತ್ತಿನ ಖಾಲಿ ಡಬ್ಬಿಗೆ ನಮ್ಮಮ್ಮ ಸಾಸಿವೆ ತುಂಬಿಡುತ್ತಿದ್ದಳು. ನಾನೂ ಹಾಗೆಯೇ, ಬಸ್ಸು ಮೆದೆಗೆ ನುಗ್ಗುವುದಕ್ಕೆ ಮುಂಚೆ, ಖಾಲಿ ಬಿದ್ದಿದ್ದ ಇಷ್ಟು ಗಟ್ಟಿ ಮುಚ್ಚಳದ ಡಬ್ಬಿಯನ್ನು ಎಸೆಯುವುದೇಕೆಂದು, ಪೀಪಾಯಿಯಲ್ಲಿ ಮಿಕ್ಕಿದ್ದ ಇಂಜಿನ್ ಆಯಿಲನ್ನು ಅದಕ್ಕೆ ಸುರಿದಿಟ್ಟಿದ್ದೆ. ಸುರಿದವನು ನಿನಗೊಂದು ಮಾತು ಹೇಳಲಿಲ್ಲ.

ವೀರಭದ್ರ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ನಿನ್ನ ಹೆಸರು ಹೇಳಿದೆ.

ಶ್ರೀಕಂಠಯ್ಯ