ಅಲ್ಲಾಡದೆ ನಿಂತ ಸುತ್ತಿಗೆ

ಬುಧವಾರ, ಊಟದ ಹೊತ್ತು

ನನ್ನ ಕ್ಲಿಕ್ಕಮ್ಮನಿಗೆ,

ನಿನ್ನ ತಾತ ಬದುಕಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತಾ ಹೋದರೆ ನಿನಗೆ ಅನುಮಾನ ಬರಬಹುದು. ಅಕ್ಷರ ದುಂಡಗಿದೆ, ಕಾಗುಣಿತ ಸರಿಯಾಗಿದೆ, ಹಾಗಾದರೆ ಇದು ತಾತನ ಕೈಬರಹ ಅಲ್ಲವೇ ಅಲ್ಲ ಎಂದು ಆಗಲೇ ಪತ್ತೆ ಹಚ್ಚಿರುತ್ತೀ. ನನ್ನ ಬಲಗೈ ಹೊಸ ಮದುಮಗಳ ಹಾಗೆ ಬಿಳಿ ಪ್ಲಾಸ್ಟರಿನೊಳಗೆ ಅಡಗಿ ಕೂತಿದೆ, ಯಾರು ಕರೆದರೂ ಹೊರಗೆ ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಗುಜರಿ ಅಂಗಡಿಯ ಸುತ್ತಿಗೆಯ ಹೆಂಡತಿ ಬರೆಯುತ್ತಿದ್ದಾಳೆ. ಬೇರೆ ಯಾರನ್ನಾದರೂ ಕರೆಯುತ್ತೇನೆ, ನೀನು ಬೇಡಮ್ಮ ಅಂದೆ. "ನೀವು ಹೇಳೋದನ್ನ ನಾನೇ ಕೇಳ್ಬೇಕು. ನಾನೇ ಬರೀತೀನಿ," ಅಂದಳು.

ತಾತ ಮೆಟ್ಟಿಲು ಜಾರಿ ಬಿದ್ದ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದನಂತೆ. ದೂರದ ಊರಿನಲ್ಲಿ ನಿನ್ನ ಫೋಟೋ ಪ್ರದರ್ಶನ ನಡೀತಿದೆ, ಅದು ಕೆಡಬಾರದು ಅಂತ ಅವನ ಕಾಳಜಿ. ಜಾರಿದ್ದು ನಿಜ. ಕಾಲಲ್ಲ, ನಾಲಗೆ.

ಸುತ್ತಿಗೆ ಸತ್ತ. ಶುಕ್ರವಾರ, ನನ್ನ ಸ್ಟುಡಿಯೋದಲ್ಲಿ, ನನ್ನ ಕ್ಯಾಮೆರಾದ ಎದುರಿಗೆ. ಕೊಂದವನು ಅವನ ಮಗ ಮೊಳೆ.

ಈ ಹೆಸರುಗಳನ್ನು ಇಟ್ಟವನು ನಾನೇ, ನಿನಗೆ ಗೊತ್ತು. ಹಳೆ ಕಬ್ಬಿಣ ಒಡೆಯುವ ಆ ಮನೆತನದಲ್ಲಿ ಅಜ್ಜ ಅಡಿಗಲ್ಲು, ಅಪ್ಪ ಸುತ್ತಿಗೆ, ಮೊಮ್ಮಗ ಮೊಳೆ. ಏಟು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಇಳಿಯುತ್ತೆ ಅಂತ ತಮಾಷೆಗೆ ಇಟ್ಟಿದ್ದೆ. ಮೊಳೆ ತಿರುಗಿಬಿದ್ದು ಸುತ್ತಿಗೆಯನ್ನೇ ಹೊಡೆಯುತ್ತೆ ಅಂತ ನನಗೇನು ಕನಸು ಬಿದ್ದಿತ್ತೇ?

ಆ ಮನೆಯ ಮೂರು ತಲೆಮಾರಿಗೆ ನಮ್ಮ ಮನೆಯ ಮೂರು ತಲೆಮಾರು ಕ್ಯಾಮೆರಾ ಹಿಡಿದಿದೆ. ನನ್ನ ಕಾಲದವರು ಪಟ ತೆಗೆಸಿಕೊಂಡರು. ನಿನ್ನ ಅಪ್ಪನ ಕಾಲದವರು ಫೋಟೋ ಹೊಡೆಸಿಕೊಂಡರು. ನಿನ್ನ ಕಾಲದವರು ಯಾರ ಹಂಗೂ ಬೇಡ ಅಂತ ತಮಗೆ ತಾವೇ ಹೊಡೆದುಕೊಳ್ಳುತ್ತಾರೆ. ಇವಳು ಇದಕ್ಕೂ ನಗಲಿಲ್ಲ. ಬೆಳಗ್ಗಿನಿಂದ ನನ್ನ ಒಂದು ಮಾತಿಗೂ ನಕ್ಕಿಲ್ಲ, ನಗಬೇಕಾಗಿಯೂ ಇಲ್ಲ.

ನೀನು ಪ್ರದರ್ಶನಕ್ಕೆ ಕೊಂಡೊಯ್ದ ಮೊದಲನೇ ಪಟ ನೋಡು. ಕುರ್ಚಿಯಲ್ಲಿ ಅಡಿಗಲ್ಲು, ಪಕ್ಕದಲ್ಲಿ ಇಷ್ಟುದ್ದದ ಹುಡುಗ ಸುತ್ತಿಗೆ, ಮಗನ ಕತ್ತಿನ ಮೇಲೆ ಅಪ್ಪನ ಕೈ. ಎಂಥ ಪ್ರೀತಿ ಅಂತ ಜನ ನಿಂತು ನೋಡುತ್ತಾರಂತೆ, ನೀನೇ ಬರೆದಿದ್ದೆ. ಆಗಿನ ಕ್ಯಾಮೆರಾಕ್ಕೆ ಒಂದು ಉಸಿರಿನಷ್ಟು ಹೊತ್ತು ಕಲ್ಲಿನ ಹಾಗೆ ನಿಲ್ಲಬೇಕಿತ್ತು. ಅಲ್ಲಾಡಿದವರು ಪಟದಲ್ಲಿ ಹೊಗೆಯಾಗಿಬಿಡುತ್ತಿದ್ದರು. ಹುಡುಗ ಅಲ್ಲಾಡಿದ. ಅಡಿಗಲ್ಲು ಅವನನ್ನು ಪರದೆಯ ಹಿಂದೆ ಎಳೆದುಕೊಂಡು ಹೋಗಿ ನಾಲ್ಕು ಬಿಗಿದು ತಂದು ನಿಲ್ಲಿಸಿ, ಮತ್ತೆ ಅಲ್ಲಾಡದ ಹಾಗೆ ಕತ್ತು ಹಿಡಿದುಕೊಂಡ. ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳನ್ನು ನಾನು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಚ್ಚಿದೆ. ಆ ಕಾಲದ ಕಸುಬೇ ಅದು. ನಾವು ಮರ್ಯಾದೆಯ ಪಟ ತೆಗೆಯುತ್ತಿದ್ದೆವು, ಏಟುಗಳು ಪರದೆಯ ಹಿಂದೆ ಇರುತ್ತಿದ್ದವು. ಸುತ್ತಿಗೆ ಮಾತ್ರ ಆವತ್ತಿನ ಪಾಠ ಸಾಯುವ ತನಕ ಮರೆಯಲಿಲ್ಲ. ಫೋಟೋದವರು ಅಲ್ಲಾಡಬೇಡ ಅಂದರೆ ಅವನ ಎದೆ ಮುಂದೆ ಬರುತ್ತಿತ್ತು, ಗಲ್ಲ ಮೇಲೇಳುತ್ತಿತ್ತು, ಉಸಿರು ನಿಲ್ಲುತ್ತಿತ್ತು.

ನಿನ್ನ ಅಪ್ಪ ಹೊಡೆದ ಎರಡನೇ ಫೋಟೋದಲ್ಲಿ ಸುತ್ತಿಗೆಗೆ ಕಪ್ಪು ಕನ್ನಡಕ, ಒಂದು ಕಾಲು ಯಾರದೋ ಬೈಕಿನ ಮೇಲೆ, ಪಕ್ಕದಲ್ಲಿ ಹೊಸ ಹೆಂಡತಿ. ಅದೇ ಎದೆ, ಅದೇ ಗಲ್ಲ. ಬಣ್ಣ ಬಂತು, ಭಂಗಿ ಬದಲಾಗಲಿಲ್ಲ.

ಮೂರನೆಯದು ನಿನ್ನದು. ನೀನು ಗುಜರಿ ಅಂಗಳಕ್ಕೆ ದಿನಾ ಹೋಗಿ ಬರುತ್ತಿದ್ದೆ, ಎಲ್ಲರಿಗೂ ನೀನು ಮನೆಯ ಬೆಕ್ಕಿನ ಹಾಗೆ ಆಗಿದ್ದೆ. ಆವತ್ತು ನಿನ್ನ ಕಣ್ಣೆದುರೇ ಮೊಳೆ ಅಪ್ಪನನ್ನು ಕೆಡವಿದ. ತುಕ್ಕು ಹಿಡಿದ ತಗಡುಗಳ ನಡುವೆ ಸುತ್ತಿಗೆ ಅಂಗಾತ ಬಿದ್ದಿದ್ದಾನೆ, ಬಾಯಿ ತುಂಬ ರಕ್ತ, ಎದೆಯ ಮೇಲೆ ಮಗನ ಬೂಟು. ಮಗನ ಮುಷ್ಟಿ ಮೇಲಿದೆ. ಮಗ ಅಳುತ್ತಿದ್ದಾನೆ. ಸಣ್ಣ ಮಗು ಅಳುವ ಹಾಗೆ, ಮೂಗು ಸೋರಿಸಿಕೊಂಡು. ಯಾಕೆ ಹೊಡೆದ ಅಂತ ನನಗೆ ತಿಳಿಯದು. ಕುಡಿತ ಅಂತಾರೆ ಕೆಲವರು, ಕೊಬ್ಬು ಅಂತಾರೆ ಕೆಲವರು. ಈಗ ಇವಳನ್ನೂ ಕೇಳಿದೆ. ಪೆನ್ನಿನ ತುದಿ ನೋಡುತ್ತಾ ಕೂತಳು.

ನೀನು ಆ ಫೋಟೋವನ್ನೇ ಪ್ರದರ್ಶನದ ಆಹ್ವಾನಪತ್ರದ ಮೇಲೆ ಹಾಕಿದೆ. ಅದು ಫೋನಿಂದ ಫೋನಿಗೆ ಹಾರಿ ಮೊಳೆಯ ಗೆಳೆಯರ ಕೈಗೆ ಬಂದು ಕೂತಿತು. ಅಪ್ಪನಿಗೆ ಬೂಟುಗಾಲಲ್ಲಿ ಒದ್ದ ಅಂತ ಒಬ್ಬನೂ ಉಗಿಯಲಿಲ್ಲ ಕಣೇ. ಅತ್ತ ಅಂತ ನಕ್ಕರು. ಮೊಳೆ ಅನ್ನುವ ಹೆಸರು ಹೋಗಿ ನಲ್ಲಿ ಅಂತಾಯಿತು. ಅವನು ಬೀದಿಯಲ್ಲಿ ಕಂಡರೆ ಹುಡುಗರು ಬಕೆಟ್ ತಂದು ಮುಂದೆ ಇಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದ. ಬಂದವನೇ ಕೈಲಿದ್ದ ಕಬ್ಬಿಣದ ಸರಳಿನಿಂದ ಮುಂದಿನ ಗಾಜಿನ ಪೆಟ್ಟಿಗೆ ಪುಡಿ ಮಾಡಿದ. ಮದುಮಕ್ಕಳು, ಹಲ್ಲಿಲ್ಲದ ಕೂಸುಗಳು, ನಿವೃತ್ತ ಮೇಷ್ಟ್ರುಗಳು ಎಲ್ಲ ನೆಲಕ್ಕೆ ಬಿದ್ದರು. ಆಮೇಲೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ತಾತ, ಈ ನೀರು ತೆಗಿ."

ಯಾವ ನೀರು ಅಂದೆ. ಕಣ್ಣಲ್ಲಿರೋದು ಅಂದ. ಅಪ್ಪನ ಬಾಯಲ್ಲಿರುವ ರಕ್ತ? ಅದಿರಲಿ ಅಂದ. ಎದೆಯ ಮೇಲಿನ ಬೂಟು? ಅದೂ ಇರಲಿ. ನೀರೊಂದು ಹೋಗಬೇಕು, ಎಲ್ಲರಿಗೂ ಹೊಸದನ್ನು ಕಳಿಸಬೇಕು, ನಿನ್ನ ಮೊಮ್ಮಗಳೂ ಗೋಡೆಯಲ್ಲಿ ಅದನ್ನೇ ಹಾಕಬೇಕು ಅಂದ. ಆಗ ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ನಾನು ನಿನ್ನ ತಾತ ಹೇಗಾದೇನು?

"ನಲ್ಲಿ ರಿಪೇರಿಗೆ ಪ್ಲಂಬರ್ ಹತ್ರ ಹೋಗೋ. ಇದು ಸ್ಟುಡಿಯೋ," ಅಂದೆ.

ನನ್ನ ಬಲಗೈ ಮೇಜಿನ ಮೇಲಿತ್ತು. ಸರಳು ಅದರ ಮೇಲೆ ಇಳಿಯಿತು. ಒಣ ಪುಳ್ಳೆ ಮುರಿದ ಸದ್ದು. ಬೆರಳುಗಳು ಬರಬಾರದ ದಿಕ್ಕಿಗೆ ತಿರುಗಿಕೊಂಡವು. ನನಗಿಂತ ಅವನೇ ಹೆದರಿದ. ಮುಖ ಬಿಳುಚಿಕೊಂಡು, ಕೈ ಯಾಕೆ ಅಲ್ಲಿಟ್ಟಿದ್ದೆ ತಾತ ಅಂತ ನನ್ನನ್ನೇ ಬೈದ. ಎರಡನೇ ಏಟು ಬರುವ ಮುಂಚೆ ಏನಾದರೂ ಮಾಡಬೇಕಿತ್ತು. ಅಳಿಸೋಕೆ ಈಗ ಕೈ ಇಲ್ಲ, ನಿಮ್ಮ ಅಜ್ಜ ಕೂತ ಕುರ್ಚಿಯಲ್ಲಿ ಕೂರು, ಒಬ್ಬನೂ ನಗದ ಹಾಗೆ ಹೊಸದೊಂದು ತೆಗೆದುಕೊಡ್ತೀನಿ ಅಂದೆ. ಮರದ ದೊಡ್ಡ ಕ್ಯಾಮೆರಾದಲ್ಲಿ ಬೆಳಗ್ಗೆ ಯಾರಿಗೋ ಅಂತ ಫಿಲ್ಮ್ ಹಾಕಿಟ್ಟಿದ್ದೆ. ಅವನು ಕೂತ, ಸರಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಅಡಿಗಲ್ಲು ಎದ್ದು ಬಂದು ಕೂತ ಹಾಗಿತ್ತು.

ನಾನು ಎಡಗೈಯಲ್ಲಿ ಶಟರಿನ ರಬ್ಬರ್ ಗುಂಡು, ಅದೇ ಒತ್ತಿದರೆ ಪಟ ಬೀಳುವುದು, ಹಿಡಿದಿದ್ದೆ. ಆಗ ಗಾಜು ತುಳಿದುಕೊಂಡು ಸುತ್ತಿಗೆ ಬಂದ. ಅವನ ಅಂಗಡಿ ಎದುರು ಸಾಲಿನಲ್ಲೇ, ಸದ್ದು ಕೇಳಿಸಿತ್ತು. ಕೈಯಲ್ಲಿ ಹಾರೆ. ನೇತಾಡುತ್ತಿದ್ದ ನನ್ನ ಕೈ ನೋಡಿದ, ಮಗನನ್ನು ನೋಡಿದ.

"ನನ್ನನ್ನ ತುಳಿದೆ, ಊರು ನೋಡ್ತು. ಈಗ ಮುದುಕನ್ನೂ ಬಿಡ್ಲಿಲ್ವೇನೋ?"

ಹಾರೆ ಮೇಲೆದ್ದಿತು. ಮಗ ಕುರ್ಚಿ ಕೆಡವಿ ಎದ್ದ. ಬಿಡೋ ಅನ್ನಬಹುದಿತ್ತು. ಬೇಡಪ್ಪ ಅನ್ನಬಹುದಿತ್ತು. ಇಷ್ಟು ವರ್ಷ ಆ ಕ್ಯಾಮೆರಾದ ಪಕ್ಕ ನಿಂತು ನಾನು ಹೇಳಿದ್ದು ಒಂದೇ ಮಾತು, ಬಾಯಿಗೆ ಬಂದದ್ದೂ ಅದೇ.

"ಅಲ್ಲಾಡ್ಬೇಡಿ!"

ಎಡಗೈ ತಾನಾಗಿ ಗುಂಡನ್ನು ಒತ್ತಿತು.

ಸುತ್ತಿಗೆ ನಿಂತುಬಿಟ್ಟ. ಹಾರೆ ತಲೆಯ ಮೇಲೆ ಹಾಗೇ ಇದೆ, ಎದೆ ಮುಂದೆ ಬಂತು, ಗಲ್ಲ ಮೇಲೆದ್ದಿತು, ಉಸಿರು ನಿಂತಿತು. ಮೊಳೆಗೆ ಆ ಮಾತು ಗೊತ್ತೇ ಇಲ್ಲ. ಅವನಿಗೆ ಹುಟ್ಟಿದಾಗಿನಿಂದ ಯಾರೂ ಅಲ್ಲಾಡಬೇಡ ಅಂತ ಹೇಳಿ ಫೋಟೋ ತೆಗೆದಿಲ್ಲ. ಓಡುತ್ತಾ, ಕುಣಿಯುತ್ತಾ, ಬೀಳುತ್ತಾ ಹೊಡೆದುಕೊಂಡವನು. ಅವನು ನುಗ್ಗಿದ. ಸರಳು ಅಪ್ಪನ ಕಪಾಲಕ್ಕೆ ಬಿತ್ತು. ಹಾರೆ ಹಿಂದಕ್ಕೆ ಜಾರಿತು. ಸುತ್ತಿಗೆ ಮಂಡಿಯೂರಿ ಕುಸಿದ, ಮುಖ ಇನ್ನೂ ಕ್ಯಾಮೆರಾದ ಕಡೆಗೇ ಇತ್ತು. ಮಗ ನಿಲ್ಲಿಸಲಿಲ್ಲ. ಹಂಸಗಳಿರುವ ಕೊಳದ ಚಿತ್ರ ಬರೆದ ನನ್ನ ಪರದೆಗೆ ರಕ್ತ ಚಿಮ್ಮಿ ಇಳಿಯಿತು.

ಇಲ್ಲಿ ಪೆನ್ನು ನಿಂತಿತು. ಸಾಕು ಬಿಡಮ್ಮ ಅಂದೆ. ಎಷ್ಟು ಏಟು ಅಂತ ಕೇಳಿದಳು. ಎಣಿಸಲಿಲ್ಲ ಅಂದೆ. ಸುಳ್ಳು. ನೋಡು, ಅದನ್ನೂ ಬರೆದುಬಿಟ್ಟಳು.

ಪೊಲೀಸರು ಬಂದಾಗ ಮೊಳೆ ಬಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ ಅದರಲ್ಲೇ ಕೂತಿದ್ದ. ಅವರು ಸರಳು ಕೊಂಡೊಯ್ದರು, ಹಾರೆ ಕೊಂಡೊಯ್ದರು, ಹುಡುಗನನ್ನೂ ಕೊಂಡೊಯ್ದರು. ಕ್ಯಾಮೆರಾವನ್ನು ಹಳೆ ಬೀರು ಅಂದುಕೊಂಡರೋ ಏನೋ, ಯಾರೂ ಮುಟ್ಟಲಿಲ್ಲ. ಗೋಡೆಗೆ ಹಾಕಲು ಗಂಡನ ಫೋಟೋ ಇದೆಯೇ ಎಂದು ಇವಳು ಕೇಳಿಕೊಂಡು ಬಂದಳು. ಇದೆ, ಇನ್ನೂ ತೊಳೆದಿಲ್ಲ ಅಂದೆ. ಕತ್ತಲ ಕೋಣೆಯಲ್ಲಿ ನಾನು ಹೇಳುತ್ತಾ ಹೋದೆ, ಇವಳು ದ್ರಾವಣ ಸುರಿದಳು, ತಟ್ಟೆ ಆಡಿಸಿದಳು.

ಕಾಗದದ ಮೇಲೆ ಬಂದದ್ದು ಇಷ್ಟು. ಸುತ್ತಿಗೆ ಹಾರೆ ಎತ್ತಿ ನಿಂತಿದ್ದಾನೆ, ಗೆರೆ ಕೊರೆದ ಹಾಗೆ ಸ್ಪಷ್ಟ. ಮಗ ಬರೀ ಹೊಗೆ. ಕೈ ಯಾವುದು, ಸರಳು ಯಾವುದು, ಒಂದೂ ತಿಳಿಯುವುದಿಲ್ಲ. "ನಮ್ಮ ಮದುವೆ ಫೋಟೋದಲ್ಲೂ ಇದೇ ಮುಖ," ಅಂದಳು ಇವಳು, ಅಷ್ಟೇ.

ಹುಡುಗನ ಪರ ಲಾಯರ್ ಅದನ್ನು ನೋಡಿ ಕುಣಿದಾಡಿದ. ಅಪ್ಪನೇ ಕೊಲ್ಲಲು ಬಂದಿದ್ದ ಅನ್ನೋದಕ್ಕೆ ಇನ್ನೇನು ಬೇಕು ತಾತ ಅಂದ. ಅಪ್ಪ ನಿಂತುಬಿಟ್ಟಿದ್ದನಪ್ಪಾ, ನನ್ನ ಮಾತಿಗೆ ನಿಂತ, ನಿಂತದ್ದಕ್ಕೇ ಸತ್ತ ಅಂದೆ. ಅದು ಫೋಟೋದಲ್ಲಿ ಕಾಣಲ್ಲ ಅಂದ. ಕಾಣುತ್ತೆ. ಎತ್ತಿದ ಗಲ್ಲ ನೋಡಲು ಬಲ್ಲವರಿಗೆ ಕಾಣುತ್ತೆ. ಬಲ್ಲವರೆಲ್ಲ ಒಬ್ಬೊಬ್ಬರಾಗಿ ಫ್ರೇಮಿನೊಳಗೆ ಹೋಗಿ ಗೋಡೆ ಹತ್ತಿದ್ದಾರೆ, ಅದೇ ಕಷ್ಟ.

ಆ ಫೋಟೋವನ್ನು ಸುಮ್ಮನೆ ಕೊಟ್ಟರೆ ಸತ್ತವನು ಕೊಲೆಗಾರ ಆಗುತ್ತಾನೆ. ನಾನು ಕಂಡದ್ದನ್ನು ಹೇಳಿದರೆ ಬದುಕಿರುವವನು ಜೀವಮಾನವೆಲ್ಲ ಜೈಲಿನಲ್ಲಿ ಕೊಳೆಯುತ್ತಾನೆ. ಇವಳಿಗೆ ಒಬ್ಬ ಗಂಡ, ಒಬ್ಬ ಮಗ. ಯಾರ ಕಡೆ ನಿಲ್ಲಲಿ? ನಾನು ಸುಳ್ಳು ಹೇಳಲಾರೆ ಕಣೇ. ತಮಾಷೆಗೆ ಎಷ್ಟು ಬೇಕಾದರೂ ಹೇಳುತ್ತೇನೆ, ಹೆಣದ ಮೇಲೆ ನಿಂತು ಹೇಳಲಾರೆ.

ಅದಕ್ಕೇ ನಿನ್ನನ್ನು ಕರೆಯುತ್ತಿದ್ದೇನೆ. ಸೋಮವಾರ ಕೋರ್ಟು. ನಿನ್ನ ಫೋಟೋವನ್ನು ಗೋಡೆಯಿಂದ ಇಳಿಸಿ ತಗೊಂಡು ಬಾ. ಅದೇ ನಿನ್ನ ಫೋಟೋ ಪುಸ್ತಕದ ಮುಖಪುಟ ಆಗುತ್ತೆ, ಅದರ ಮುಂದೆಯೇ ಜನ ಜಾಸ್ತಿ ನಿಲ್ಲುತ್ತಾರೆ ಅಂತ ನೀನು ಬರೆದಿದ್ದೆ. ನಿಲ್ಲಲಿ, ಖಾಲಿ ಗೋಡೆಯ ಮುಂದೆ ನಿಲ್ಲಲಿ. ನನ್ನ ಫೋಟೋದಲ್ಲಿ ಅಪ್ಪ ನಿಂತದ್ದನ್ನು ನಾನು ನ್ಯಾಯಾಧೀಶರಿಗೆ ತೋರಿಸುತ್ತೇನೆ. ನಿನ್ನ ಫೋಟೋದಲ್ಲಿ ಮಗ ಅಳುವುದನ್ನು ನೀನು ತೋರಿಸು. ಕಲ್ಲುಹೃದಯದವನು ಹೊಡೆಯುತ್ತಾ ಅಳುವುದಿಲ್ಲ ಅಂತ ಹೇಳು. ಮೊಳೆ ಬೇಡ ಅಂದ ನೀರೇ ಅವನನ್ನು ಉಳಿಸಬೇಕು, ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಕೈ ನೋವು ಅಷ್ಟೇನಿಲ್ಲ. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಒಳ್ಳೆಯದೇ ಆಯಿತು, ಇನ್ನು ನಾನು ಯಾರನ್ನೇ ತೋರಿಸಿದರೂ ಡಬಲ್ ತೋರಿಸುತ್ತೇನೆ.

ಬರ್ತೀಯಲ್ಲ?

ನಿನ್ನ,
ಒಂದೂವರೆ ಕೈಯ ತಾತ

ಇಲ್ಲಿಂದ ಕೆಳಗಿನದು ನನ್ನ ಮಾತು. ತಾತ ಮಾತ್ರೆ ತಗೊಂಡು ಮಲಗಿದ್ದಾರೆ. ಅವರು ಹೇಳಿದ್ದೆಲ್ಲ ನಿಜ. ನನ್ನ ಗಂಡ ಅಲ್ಲಾಡದೆ ನಿಂತರು. ಫೋಟೋದವರು ಹೇಳಿದರೆ ನಿಲ್ಲುತ್ತಿದ್ದರು. ನಾನು ಹೇಳಿದಾಗ ಒಂದು ದಿನವೂ ನಿಲ್ಲಿಸಿದವರಲ್ಲ. ನೀನು ಅಂಗಳದಲ್ಲಿ ಫೋಟೋ ಹೊಡೆದ ದಿನ ನಾನು ನೀರಿನ ಡ್ರಮ್ಮಿನ ಪಕ್ಕ ಬಿದ್ದಿದ್ದೆ. ಅವರ ಏಟಿಗೆ ದವಡೆ ಸರಿದಿತ್ತು, ಕೂಗಲು ಆಗಲಿಲ್ಲ. ಅದನ್ನು ನೋಡಿಯೇ ನನ್ನ ಮಗ ಅವರ ಮೇಲೆ ಬಿದ್ದದ್ದು. ನೀನು ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದೆ, ಮತ್ತೆ ಎತ್ತಿಕೊಂಡೆ. ನೀನು ಗೋಡೆಗೆ ಹಾಕಿದ ಫೋಟೋ ನನ್ನ ಫೋನಿಗೂ ಬಂದಿದೆ. ಅದರಲ್ಲಿ ಡ್ರಮ್ ಇಲ್ಲ, ನಾನೂ ಇಲ್ಲ. ಯಾಕೆ ಕತ್ತರಿಸಿದೆ ಅಂತ ಕೇಳುವುದಿಲ್ಲ. ಆವತ್ತು ಅಂಗಳದಲ್ಲಿ ಅಪ್ಪನಿಗೆ ಯಾಕೆ ಹೊಡೆದೆ ಅಂತ ಪೊಲೀಸರು ಎಷ್ಟು ಕೇಳಿದರೂ ಮಗ ಬಾಯಿ ಬಿಟ್ಟಿಲ್ಲ, ಅಮ್ಮನ ಹೆಸರು ಎತ್ತಬೇಡಿ ಅಂತಾನಂತೆ. ಇನ್ನು ನಾನು ಹೇಳುತ್ತೇನೆ. ತಾತ ಕೇಳಿದ್ದನ್ನು ತರಬೇಡಮ್ಮ. ಡ್ರಮ್ ಇರುವುದನ್ನು ತಗೊಂಡು ಬಾ.

ಮೊಳೆಯ ಅಮ್ಮ