ಯೆಸ್ ಅಂದಳು, ಒಳಗೆ ಹೋದಳು

ಶನಿವಾರ, ೧೯೬೧

ಅಪ್ಪಾ,

ನಿನ್ನ ಪಾರ್ವತಿ ಕೊಣನೂರಿನಾಚೆಯ ಸ್ಕೂಲಿನಿಂದ ಬರೆಯುತ್ತಿದ್ದೇನೆ. ಈಶ್ವರಯ್ಯ ಮೇಷ್ಟ್ರ ಹತ್ತಿರ ಇದನ್ನು ಓದಿಸಿಕೊಳ್ಳುವಾಗ ಅವ್ವ ಪಕ್ಕದಲ್ಲಿರುವುದು ಬೇಡ. ನಾಳೆ ಚಾವಡಿಯ ಮುಂದೆ ನಾನು ಇಡೀ ಊರಿಗೆ ಉತ್ತರ ಹೇಳಬೇಕು.

ನಾನು ಯುಗಾದಿಗೆ ಊರಿಗೆ ಬಂದಾಗ ಕೇಳಿದ್ದೆಯಲ್ಲ, "ಅದೇನವ್ವಾ ಅಂತಾ ಇಂಗ್ಲೀಸು ಕಲಿಸ್ತೀಯೆ, ಒಸಿ ನಂಗೂ ಏಳ್ಕೊಡು" ಅಂತ. ನಕ್ಕು ತೇಲಿಸಿಬಿಟ್ಟಿದ್ದೆ. ಈಗ ಕೇಳು. ಗೋ ಅಂದರೆ ಹೋಗು. ಅದು ಆಳು ನೋಡಿ ವೇಷ ಬದಲಿಸುತ್ತದೆ. ನಾನಾದರೆ ಗೋ, ಅವನಾದರೆ ಗೋಸ್, ನಿನ್ನೆಯದಾದರೆ ವೆಂಟ್. ಕ್ಯಾನ್, ಮೇ, ಮಸ್ಟ್ ಅನ್ನುವ ಕೆಲವು ಮಾತುಗಳ ರೀತಿಯೇ ಬೇರೆ. ನೀನಾಗಲಿ, ನಾನಾಗಲಿ, ಈ ಊರಿನ ದೊಡ್ಡ ಜಮೀನುದಾರ ನಂಜಪ್ಪಗೌಡರಾಗಲಿ, ಮೇ ಅಂದರೆ ಮೇ, ಬಾಲ ಅಂಟಿಸಿಕೊಳ್ಳುವುದಿಲ್ಲ. ಆದರೆ ಒಂಟಿಯಾಗಿ ಯಾವ ಕೆಲಸವನ್ನೂ ಹೇಳಲಾರದು, ಜೊತೆಗೆ ಇನ್ನೊಂದು ಮಾತು ಬೇಕು. ಕಮ್ ಅಂದರೆ ಬರುವುದು, ಮೇ ಕಮ್ ಅಂದರೆ ಬರಬಹುದು. ನಮ್ಮ ಬಹುದು, ಬೇಕು ಎಲ್ಲ ಕೊನೆಗೆ ಬಂದು ಸೇರಿಕೊಳ್ಳುತ್ತವೆ, ಅವರವು ಮುಂದೆ ನಿಲ್ಲುತ್ತವೆ. ಅಷ್ಟೇ ಅಪ್ಪ. ಇಷ್ಟಕ್ಕೇ ಊರು ಹೊತ್ತಿ ಉರಿಯುತ್ತಿದೆ.

ಬೋರ್ಡಿನ ಮೇಲೆ ಬರೆದರೆ ತಲೆಗೆ ಹೋಗುವುದಿಲ್ಲ ಅಂತ ಮಕ್ಕಳಿಗೆ ಆಟ ಆಡಿಸಿದೆ. ಒಬ್ಬರು ಬಾಗಿಲ ಹೊರಗೆ ನಿಂತು "ಮೇ ಐ ಕಮ್ ಇನ್", ಅಂದರೆ ಒಳಗೆ ಬರಬಹುದೇ, ಅನ್ನಬೇಕು. ಒಳಗಿದ್ದವರು "ಯೆಸ್, ಯು ಮೇ", ಹೂಂ, ಬರಬಹುದು ಅಂತ ಕೂಗಬೇಕು. ಹಾಗಂದ ಮೇಲೆ ಒಳಗೆ ಬರಬೇಕು. ವಾರವೆಲ್ಲ ಅದೇ ಗಲಾಟೆ. ನೋ ಅನ್ನುವುದನ್ನು ಮುಂದಿನ ಪಾಠಕ್ಕೆ ಇಟ್ಟುಕೊಂಡಿದ್ದೆ.

ಮೊನ್ನೆ, ಇಲ್ಲಿನ ನಮ್ಮವರ ಕೇರಿಯ ಮಾಯಮ್ಮನ ಮಗಳು ಮಲ್ಲಿಗಮ್ಮ ನಂಜಪ್ಪಗೌಡರ ಮನೆ ಹೊಸ್ತಿಲ ಮುಂದೆ ನಿಂತು ಹಾಗೇ ಕೇಳಿದಳು. ಗೌಡರ ಮಗಳು ಪ್ರೇಮಕುಮಾರಿ ಅವಳ ಕ್ಲಾಸಿನವಳೇ. ಒಳಗಿನಿಂದ "ಯೆಸ್, ಯು ಮೇ" ಅಂದಳು. ಮಲ್ಲಿಗಮ್ಮ ಸೀದಾ ನಡುಮನೆಗೆ ಹೋಗಿ ಕೂತುಬಿಟ್ಟಳು. ನಮ್ಮ ಜನ ಯಾರೂ ಇದುವರೆಗೆ ಆ ಹೊಸ್ತಿಲು ದಾಟಿದ್ದಿಲ್ಲ. ಆಮೇಲಿನದನ್ನು ನಿನಗೆ ಬಿಡಿಸಿ ಹೇಳಬೇಕೇ? ಮನೆ ತೊಳೆದರು. ಮಗುವಿನ ಬೆನ್ನಿನ ಮೇಲೆ ಬಾಸುಂಡೆ ಎದ್ದಿವೆ. "ಅವ್ಳೇ ಯೆಸ್ ಅಂದ್ಳಲ್ಲಾ ಮೇಡಂ, ಅದ್ಕೇ ಒಳೀಕೋದೆ" ಅಂತ ಒಂದೇ ಸಮ ಬಿಕ್ಕುತ್ತಾಳೆ.

ನಿನ್ನೆ ಗೌಡರು ಸ್ಕೂಲಿಗೇ ಬಂದರು. "ನೀನ್ ಏಳ್ಕೊಟ್ಟ ಇಂಗ್ಲೀಸು ನಮ್ ನಡುಮನೆಗಂಟ ಬಂದ್ಬುಡ್ತಲ್ಲಮ್ಮಾ! ಭಾನ್ವಾರ ಚಾವ್ಡಿ ಮುಂದೆ ತಪ್ಪಾಯ್ತು ಅನ್ನು. ಇಲ್ದಿದ್ರೆ ಗಂಟುಮೂಟೆ ಕಟ್ಟು" ಅಂದರು. ಸುಳ್ಳು ಯಾಕೆ ಅಪ್ಪ, ಆಗಲಿ ಅನ್ನುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗೌಡರು ತಿರುಗಿ ಹೊರಟುಬಿಟ್ಟಿದ್ದರು.

ಸಂಜೆ ಮಾಯಮ್ಮ ಬಂದಳು. ಅವಳಿಗೆ ಕೂಲಿ ತಪ್ಪಿಸಿದ್ದಾರೆ. ತಪ್ಪೊಪ್ಪಿಕೊಳ್ಳಿ ಅಂತ ಗೋಗರೆಯುತ್ತಾಳೆ ಅಂದುಕೊಂಡೆ. ಅವಳು ಅಂದದ್ದೇ ಬೇರೆ. "ನೀವ್ ತಪ್ಪಾಯ್ತು ಅಂದ್ಬುಟ್ರೆ ನನ್ ಕೂಸು ಕದ್ದು ಒಳೀಕೋದಂಗಾಯ್ತದೆ ಕಣವ್ವಾ. ಅದು ಕೇಳ್ಬುಟ್ಟೇ ಓಗಿರಾದು. ಅಂಗನ್ಬ್ಯಾಡಿ."

ಹಾಗಾಗಿ ನಾಳೆ ತಪ್ಪಾಗಿಲ್ಲ ಅನ್ನುತ್ತೇನೆ. ಆ ಮಾತು ಬಾಯಿಂದ ಬರುತ್ತದೋ ಇಲ್ಲವೋ ದೇವರೇ ಬಲ್ಲ. ಕೆಲಸ ಹೋಗಬಹುದು, ಕಲ್ಲೂ ಬೀಳಬಹುದು.

ಇವತ್ತೇ ನಿನಗೆ ಸಿಗಲಿ ಅಂತ ಮಲ್ಲಿಪಟ್ಟಣದ ಬಸ್ಸಿನ ಕಂಡಕ್ಟರ್ ರಾಮಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಪ್ಪ, ಎಲ್ಲಕ್ಕಿಂತ ನನಗೆ ನಿನ್ನದೇ ಹೆದರಿಕೆ. ಸುದ್ದಿ ಕೇಳಿದ ಕೂಡಲೆ ಓಡಿ ಬಂದು, ನಾನು ಬಾಯಿ ತೆರೆಯುವ ಮೊದಲೇ ಟವೆಲ್ಲು ಸೊಂಟಕ್ಕೆ ಸುತ್ತಿ ಗೌಡರ ಕಾಲಿಗೆ ಬಿದ್ದುಬಿಡುತ್ತೀಯ. ನನ್ನ ಮೇಲಿನ ಪ್ರೀತಿಗೇ ಬೀಳುತ್ತೀಯ, ಗೊತ್ತು. ನೀನು ನೆಲದ ಮೇಲಿದ್ದರೆ ನಾನು ನಿಂತು ಏನು ಹೇಳಲಿ? ದಮ್ಮಯ್ಯ, ಬರಬೇಡ. ಅಲ್ಲಿಂದಲೇ ಹರಸು.

ನಿನ್ನ ಮಗಳು
ಪಾರ್ವತಿ