ಒಂದು ಉದಾಹರಣೆ ಕೊಡಿ

ಶಿಕ್ಷಕರ ವಸತಿಗೃಹ, ಮನೆ ನಂಬರ್ ಏಳು
ಹನ್ನೊಂದನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕೆಮ್ಮು ಕಡಿಮೆಯಾಯಿತೇ? ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ನಿಂತೇ ಇರುತ್ತೀಯಂತೆ, ಕಾಲು ಊದಿಕೊಳ್ಳುತ್ತದಂತೆ. ಎಲ್ಲ ನಿನ್ನ ಅತ್ತೆ ಫೋನಿನಲ್ಲಿ ಹೇಳಿದ್ದು. ನಿನ್ನ ಸುದ್ದಿ ಈಗ ನನ್ನ ತಂಗಿಯ ಬಾಯಿಂದಲೇ ಬರಬೇಕು. ಅವಳೋ ನಿನ್ನ ಬಗ್ಗೆ ಎರಡು ಮಾತು ಹೇಳಿ ತನ್ನ ಮಂಡಿನೋವಿನ ಪುರಾಣ ಬಿಚ್ಚುತ್ತಾಳೆ. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂರು.

ನಾನು ಇದ್ದೇನೆ. ಅಮ್ಮ ತೀರಿಕೊಂಡು, ನೀನೂ ಹೊರಟುಹೋಗಿ ಎರಡು ವರ್ಷವಾದರೂ ಚಹಾಕ್ಕೆ ಮೂರು ಲೋಟ ನೀರಿಡುವ ಅಭ್ಯಾಸ ಹೋಗಿಲ್ಲ. ಮಿಕ್ಕಿದ್ದನ್ನೂ ನಾನೇ ಕುಡಿಯುತ್ತೇನೆ. ಬೇಸರವಾಗುತ್ತದೆ ಮಗಳೇ. ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಈ ಮನೆಗೆ ಬರಲು ಮನಸ್ಸಾಗದೆ ಬೋರ್ಡನ್ನು ಎರಡೆರಡು ಸಲ ಒರೆಸುತ್ತೇನೆ. ಶಾಲೆಯ ಜವಾನ ಬೀಗದ ಕೈ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಲ್ಲುತ್ತಾನೆ. ಅವನಿಗೂ ಮನೆಯಿದೆಯಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕ್ರೈಸ್ತ ಶಾಲೆ ಇರುವುದು ಯಾತಕ್ಕೆ, ಇಲ್ಲಿ ಕಲಿತ ಮಗು ಕೊನೆಗೆ ಏನಾಗಬೇಕು ಎಂದು ಶಿಕ್ಷಕರೆಲ್ಲ ಒಂದೊಂದು ಪುಟ ಬರೆದುಕೊಡಬೇಕೆಂದು ಹೊಸ ಹೆಡ್‌ಮಿಸ್ಸು ಹೇಳಿದರು. ಮೂವತ್ತು ವರ್ಷ ಬೈಬಲಿನ ಶಾಸ್ತ್ರಪಾಠ ಮಾಡಿದವನು ನಾನು, ಕೇಳಬೇಕೇ? ಒಂದು ಪುಟ ಕೇಳಿದರೆ ನಾಲ್ಕು ಪುಟ ಗೀಚಿದೆ. ಬುದ್ಧಿ ಬೆಳೆದರೆ ಸಾಲದು, ಹೃದಯ ಹೊಸದಾಗಬೇಕು, ಯೇಸುವಿನ ಸ್ವಭಾವ ಮಗುವಿನಲ್ಲಿ ಮೂಡಬೇಕು ಎಂದೆಲ್ಲ. ಆತ್ಮಿಕ ಪರಿವರ್ತನೆ ಎಂಬ ಮಾತೇ ಹದಿಮೂರು ಸಲ ಬಂದಿತ್ತು. ಶುದ್ಧಪ್ರತಿ ಮಾಡಲು ಹಾಳೆ ಹುಡುಕುತ್ತಾ ಅಮ್ಮನ ಟ್ರಂಕು ತೆಗೆದರೆ, ಅಡಿಯಲ್ಲಿ ನಿನ್ನ ಏಳನೇ ತರಗತಿಯ ಶಾಸ್ತ್ರಪಾಠದ ಉತ್ತರಪತ್ರಿಕೆ ಸಿಕ್ಕಿತು. ನನಗೆ ಹೇಳದೆ ಎತ್ತಿಟ್ಟಿದ್ದಾಳೆ.

ಐದನೇ ಪ್ರಶ್ನೆ ನಿನಗೆ ನೆನಪಿರುತ್ತದೆ. "ಪರಿವರ್ತನೆ ಎಂದರೇನು? ಒಂದು ಉದಾಹರಣೆ ಕೊಡಿ." ನೀನು ಬರೆದದ್ದು: "ಮೊದಲಿದ್ದ ಹಾಗೆ ಇರದೆ ಒಳಗಿನಿಂದ ಬೇರೆಯಾಗುವುದು. ಉದಾಹರಣೆ: ನಮ್ಮ ಮನೆಯಲ್ಲಿ ಇನ್ನೂ ಸಿಕ್ಕಿಲ್ಲ. ಅಪ್ಪ ಪ್ರಾರ್ಥನೆ ಮುಗಿಸಿ ಎದ್ದ ಕೂಡಲೇ ಅಮ್ಮನನ್ನು ಬೈಯುತ್ತಾರೆ." ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ನಿನ್ನ ಬಾಯಿಂದಲೇ ಅದನ್ನು ಓದಿಸಿದೆ. ತರಗತಿಯೆಲ್ಲ ನಕ್ಕಿತು. ನೀನು ಅಳಲಿಲ್ಲ. ತರಗತಿಯಲ್ಲಿ ನನ್ನನ್ನು ಸಾರ್ ಎನ್ನಬೇಕೆಂಬುದು ನನ್ನದೇ ನಿಯಮ. ಅವತ್ತಿನಿಂದ ನೀನು ಮನೆಯಲ್ಲೂ ಸಾರ್ ಎಂದೆ. ಹುಡುಗಿಯ ಮುನಿಸು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡಿದ್ದೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ "ಸಾರ್, ಹೊರಡೋಣ್ವಾ" ಎಂದೆಯಲ್ಲ, ಆಗ ಎದೆಗೆ ನಾಟಿತು.

ಒಂದನೇ ತರಗತಿಗೆ ಅಕ್ಷರ ಕಲಿಸುತ್ತಿದ್ದ ನಿನ್ನ ಅಮ್ಮ ಆ ಸೊನ್ನೆಯ ದಿನ ಸಂಜೆ ಒಂದು ಮಾತು ಹೇಳಿದ್ದಳು. "ಮಕ್ಕಳನ್ನ ತಿದ್ದೋಕೆ ಹೋಗ್ಬೇಡಿ. ಅವರು ತಿದ್ದೋ ಅಕ್ಷರ ನೀವಾಗಿ." ಅವಳು ಸ್ಲೇಟಿನ ಮೇಲೆ ತೆಳ್ಳಗೆ ಬರೆದುಕೊಟ್ಟ ಅಕ್ಷರದ ಮೇಲೆ ಮಕ್ಕಳು ಬಳಪ ಆಡಿಸಿ ತಿದ್ದುತ್ತಿದ್ದವಲ್ಲ, ಅದನ್ನು ಹೇಳಿದ್ದು. ಒಂದನೇ ಕ್ಲಾಸಿನ ಟೀಚರಿಂದ ನಾನು ಕಲಿಯಬೇಕಾ ಎಂದು ರೇಗಿಬಿಟ್ಟೆ. ತಿದ್ದುವುದೆಂದರೆ ನನಗೆ ಗೊತ್ತಿದ್ದದ್ದು ಕೆಂಪು ಶಾಯಿಯದೊಂದೇ.

ಬುಧವಾರ ಏಳನೇ ತರಗತಿಯ ಮುಂದೆ ನಿನ್ನ ಉತ್ತರ ಓದಿದೆ. ಇದು ಸರಿಯುತ್ತರ, ಸೊನ್ನೆ ಕೊಟ್ಟವನದು ತಪ್ಪು, ಆ ಹುಡುಗಿ ನನ್ನ ಮಗಳು ಎಂದೆ. ಯಾರೂ ನಗಲಿಲ್ಲ. ಎರಡನೇ ಬೆಂಚಿನವಳೊಬ್ಬಳು, ಸದಾ ಪ್ರಶ್ನೆ ಕೇಳಿ ನನ್ನ ತಲೆ ತಿನ್ನುವವಳು, ಎದ್ದು ನಿಂತು "ಸಾರ್, ಆ ಅಕ್ಕನಿಗೆ ಹೇಳಿದ್ರಾ?" ಅಂದಳು. ಅದಕ್ಕೇ ಈ ಪತ್ರ. ಆ ನಾಲ್ಕು ಪುಟವನ್ನು ಹರಿದುಹಾಕಿದ್ದೇನೆ. ನನ್ನ ಪುಟ ತಡವಾಗುತ್ತದೆ, ಒಬ್ಬರಿಂದ ಉತ್ತರ ಬರಬೇಕು ಎಂದು ಹೆಡ್‌ಮಿಸ್ಸಿಗೆ ತಿಳಿಸಿದ್ದೇನೆ.

ತಪ್ಪಾಯಿತು ಮಗಳೇ. ಅಮ್ಮನಿಗೆ ಇದನ್ನು ಹೇಳುವ ಕಾಲ ಮೀರಿತು, ನಿನಗಾದರೂ ಹೇಳುತ್ತಿದ್ದೇನೆ. ಪೂರ್ತಿ ಬದಲಾಗಿದ್ದೇನೆ ಎಂದು ಕೊಚ್ಚಿಕೊಳ್ಳುವುದಿಲ್ಲ. ಮೊನ್ನೆ ತಾನೆ ಹಾಲಿನವನ ಮೇಲೆ ಹರಿಹಾಯ್ದೆ. ಆಮೇಲೆ ಬೀದಿಯ ತುದಿಯವರೆಗೂ ಹಿಂದೆ ಓಡಿ ಕ್ಷಮೆ ಕೇಳಿದೆ. ಪಾಪ, ನಾನು ಬೈದದ್ದಕ್ಕಿಂತ ಅದಕ್ಕೇ ಅವನು ಹೆಚ್ಚು ಗಾಬರಿಯಾದ.

ದೇವರು ನಿನ್ನ ಕಾಲಿಗೂ ಮನಸ್ಸಿಗೂ ನೆಮ್ಮದಿ ಕೊಡಲಿ.

ಇಂತಿ,
ಮನೆ ನಂಬರ್ ಏಳರವನು

ವಿ.ಸೂ.: ಅಂಚೆ ತೆಗೆಯುವ ಹೊತ್ತಾಯಿತು. ನಿನ್ನ ಉತ್ತರಪತ್ರಿಕೆ ಇದರೊಳಗಿದೆ. ನನ್ನ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕವರೂ ಇದೆ. ನೀನು ಬರೆದ "ಉದಾಹರಣೆ" ಎಂಬುದರ ಪಕ್ಕದಲ್ಲಿ ಪೆನ್ಸಿಲಿನಿಂದ ತೆಳ್ಳಗೆ "ಅಪ್ಪ" ಎಂದು ಬರೆದಿದ್ದೇನೆ. ಹೌದೆನ್ನಿಸಿದರೆ ಅದರ ಮೇಲೆ ತಿದ್ದಿ ಕಳಿಸು. ಇಲ್ಲವೆನ್ನಿಸಿದರೆ ಅಳಿಸಿಬಿಡು, ಒತ್ತಿ ಬರೆದಿಲ್ಲ.